ಸಾದಿಲ್ವಾರು

ನೂರಿಪ್ಪತ್ತೈದನೇ ವರ್ಷದ ಸಂಚಿಕೆಗೆ
ಎರಡು ಪುಟ ಇತಿಹಾಸ ನೀವೇ ಬರೆಯಿರಿ ಪಂಕಜಾಕ್ಷಿ,
ಎಂದರು ನಿರ್ದೇಶಕರು.
ಲೆಕ್ಕಶಾಖೆಯವಳು ನಾನು,
ಗೊತ್ತಿರುವುದು ಖರ್ಚಿನ ಕಥೆ.

ಬರೆದೆ:
ಪ್ಲೇಗಿನ ಕಾಲಕ್ಕೆ ದಂಡಿನ ಕುದುರೆಲಾಯವೊಂದಕ್ಕೆ
ಸುಣ್ಣ ಬಳಿದು, ಬೋರ್ಡು ಹೊಡೆದು ಶುರುವಾದ ಸಂಸ್ಥೆ.
ಸತ್ತ ಇಲಿ ತಂದವರಿಗೆ ತಲೆಗೆ ಮೂರು ಕಾಸು.
ಬರೀ ಬಾಲ ತಂದವರಿಗಿಲ್ಲ, ಎಂದು ಕೆಂಪು ಶಾಯಿಯಲ್ಲಿ.
ಹಡಗಿನಲ್ಲಿ ಬಂತು ಒಂದೇ ಒಂದು ಸೂಕ್ಷ್ಮದರ್ಶಕ;
ಪೆಟ್ಟಿಗೆಯ ಬೀಗದಕೈ ಕಳೆದು
ಏಳು ತಿಂಗಳು ಯಾರೂ ಯಾವ ಕ್ರಿಮಿಯನ್ನೂ ನೋಡಲಿಲ್ಲ.

ಪ್ಲೇಗು ಹೋಯಿತು. ದೊರೆಗಳೂ ಹೋದರು.
ಆಮೇಲೆ ಬಂದವು ಕುರಿ.

ಕ್ರಿಮಿ ಬೆಳೆಸುವುದಕ್ಕೆ ರಕ್ತ ಬೇಕು, ತಾಜಾ ರಕ್ತ.
ಈಗ ಸ್ಕೂಟರ್ ನಿಲ್ಲಿಸುವಲ್ಲಿ ಗರಿಕೆ ಇತ್ತಂತೆ,
ಮೇಯಿಸುತ್ತಿದ್ದವರು ಟ್ಯಾನರಿ ರಸ್ತೆಯ ಖುದ್ದೂಸ್ ಸಾಬರು.
ಹದಿನೈದು ದಿನಕ್ಕೊಮ್ಮೆ, ಹದಿನಾಲ್ಕನೇ ನಂಬರಿನ
ಕತ್ತು ತೊಡೆಯ ಮೇಲಿಟ್ಟುಕೊಂಡು
ಸೂಜಿ ಹೊರಗೆ ಬರುವ ತನಕ ಅದರ ಕಿವಿಯಲ್ಲಿ
ಏನೋ ಹೇಳುತ್ತಿದ್ದರು.
ಏನು ಹೇಳುತ್ತಿದ್ದರೋ, ಕಡತದಲ್ಲಿಲ್ಲ.

ಒಂಬತ್ತು ವರ್ಷ.
ಶಿವಾಜಿನಗರದ ಎಷ್ಟು ಮಕ್ಕಳ ಗಂಟಲುಬೇನೆ
ಆ ರಕ್ತದ ತಟ್ಟೆಯಲ್ಲಿ ರಾತ್ರಿಯಿಡೀ ಬೆಳೆದು
ಬೆಳಿಗ್ಗೆ ತನ್ನ ಹೆಸರು ಹೇಳಿತೋ.
ಪ್ರಬಂಧಗಳಲ್ಲಿ ಆ ಕುರಿ ಎಂದರೆ "ಶೇಕಡಾ ಐದು".
ಬಜೆಟ್ಟಿನಲ್ಲಿ, ಸಾದಿಲ್ವಾರು.

ಮುದಿಯಾದ ಪ್ರಾಣಿ ಹರಾಜಿಗೆ, ಅದು ನಿಯಮ.
ಕಟುಕರು ಬಂದು ಗೇಟಿನಲ್ಲಿ ನಿಂತ ಬೆಳಿಗ್ಗೆ
ಹದಿಮೂರಿತ್ತು, ಹದಿನೈದಿತ್ತು.
ನಡುವೆ ಒಂದು ಹಗ್ಗ, ಒಂದಿಷ್ಟು ಹಿಕ್ಕೆ.

ಆಡಿಟ್ಟಿನವರು ಬರೆದರು:
ದಾಸ್ತಾನಿನಲ್ಲಿ ಕುರಿ ಒಂದು ಕಡಿಮೆ. ವಿವರಣೆ ಕೊಡಿ.
ಸಾಬರು ಹೇಳಿದ್ದನ್ನು ಯಾರೋ ಗುಮಾಸ್ತ ಬರೆದುಕೊಂಡು
ಕೆಳಗೆ ಹೆಬ್ಬೆಟ್ಟು ಒತ್ತಿಸಿದ್ದಾನೆ:
"ಮೇಯಲು ಹೋಗಿದೆ. ಬರುತ್ತದೆ."

ಅಷ್ಟೇ. ಈ ಇಡೀ ಕಟ್ಟಡದಲ್ಲಿ
ಆ ಮನುಷ್ಯ ಉಳಿದಿರುವುದು ಆ ಒಂದು ಹೆಬ್ಬೆಟ್ಟಿನಲ್ಲಿ.

ನಿರ್ದೇಶಕರು ಓದಿ, ಚೆನ್ನಾಗಿದೆ, ಎಂದರು,
ಕುರಿಯದ್ದು ತೆಗೆದುಬಿಡಿ, ಜಾಗ ಸಾಲದು.
ತೆಗೆದೆ.

ಈ ಮಾರ್ಚಿಗೆ ನನ್ನ ನಿವೃತ್ತಿ.
ಹಳೆಯ ಆಕ್ಷೇಪಣೆಗಳ ಪಟ್ಟಿ ಮುಂದಿಟ್ಟು
ಹೊಸ ಹುಡುಗ ನಗುತ್ತಾನೆ:
ಹದಿನೆಂಟು ರೂಪಾಯಿ ತಾನೇ ಮೇಡಂ,
ಮನ್ನಾ ಮಾಡಿ ಮುಚ್ಚಿಬಿಡಿ.

ಮೂವತ್ತಾರು ವರ್ಷ ಬರೆದದ್ದನ್ನೇ
ಇನ್ನೊಮ್ಮೆ ಬರೆದು ಸಹಿ ಹಾಕುತ್ತೇನೆ:
ಮೇಯಲು ಹೋಗಿದೆ.
ಬಂದ ಕೂಡಲೇ ತಿಳಿಸಲಾಗುವುದು.