ಮುಚ್ಚಳದ ಕೆಳಗಿನ ಬಟ್ಟೆ

ಮೂಲ್ಕಿ ದಾಟಿದ ಮೇಲೆ ಕನ್ನಡಿಯಲ್ಲಿ ಹೊಗೆ.
ನೀಲಿ, ತೆಳು, ಹಿಂದಿನ ಸೀಟಿನಲ್ಲಿ ಯಾರೋ ಕದ್ದು ಬೀಡಿ ಸೇದಿದ ಹಾಗೆ.
ಡಿಕ್ಕಿ ತುಂಬ ಹೊಲಿಗೆ ಯಂತ್ರದ ಸೂಜಿ, ಬಾಬಿನ್, ಬೆಲ್ಟು;
ಎರಡು ಲಕ್ಷ ಹನ್ನೊಂದು ಸಾವಿರ ಓಡಿದ ಡೀಸೆಲ್ ಕಾರು;
ಮತ್ತು ನಾನು.

ಬೈಕಂಪಾಡಿಯಲ್ಲಿ ಮೊಯ್ದಿನಬ್ಬ ಬಾನೆಟ್ ಎತ್ತಿದ.
ಟರ್ಬೋ ಪೈಪು ಕಳಚಿ, ಒಳಗೆ ಬೆರಳಾಡಿಸಿ
ನನ್ನ ಮೂಗಿನ ಮುಂದೆ ಹಿಡಿದ: ಕರಿ, ಜಿಡ್ಡು.
"ಪಿಸ್ಟನ್ ಸಂದಿಯಿಂದ ಸೋರಿದ ಗಾಳಿ
ಎಣ್ಣೆಯ ಆವಿ ಹೊತ್ತು ಮೇಲೆ ಬರ್ತದೆ.
ಹೊರಗೆ ಬಿಡ್ಲಿಕ್ಕಿಲ್ಲ, ಕಾನೂನು ಉಂಟು.
ಹಾಗಾಗಿ ಅದರ ಉಸಿರು ಅದಕ್ಕೇ ಕುಡಿಸುವುದು.
ನಡುವೆ ಒಂದು ಡಬ್ಬಿ ಇಡುವ."

ಡಬ್ಬಿ ಆರಿಸಿದ್ದು ನಾನು.
ಕೆಂಪು ಅಲ್ಯೂಮಿನಿಯಂ, ಮುಖ ಕಾಣುವ ಮೈ, ಒಂಬೈನೂರು ರೂಪಾಯಿ.
ಇನ್ನೊಂದಿತ್ತು. ಮಂಕು, ನಾಲ್ಕು ಪಟ್ಟು ಬೆಲೆ,
ಹೊಟ್ಟೆಯೊಳಗೆ ಏನೇನೋ ಉಂಟೆಂದು ಬರೆದಿತ್ತು.
ಹೊಟ್ಟೆ ಯಾರು ನೋಡುತ್ತಾರೆ?

ಮೂರು ವಾರದ ಮೇಲೆ ಬಿಚ್ಚಿದರೆ ಡಬ್ಬಿ ಒಣ.
ಪೈಪಿನಲ್ಲಿ ಅದೇ ಜಿಡ್ಡು.
ಮೊಯ್ದಿನಬ್ಬ ಡಬ್ಬಿಯನ್ನು ಬೆಳಕಿಗೆ ಹಿಡಿದು ನಕ್ಕ:
"ಈ ಬಾಗಿಲಿಂದ ಬಂದವ ಎದುರು ಬಾಗಿಲಿಂದ ಹೋದ.
ಕೂತುಕೋ ಅನ್ನಲಿಕ್ಕೆ ಒಂದು ಮಣೆಯೂ ಇಲ್ಲ ಮಾರಾಯ."

ಭಾನುವಾರ, ಕುಲಶೇಖರ.
ಬೆನಡಿಕ್ಟಾ ಮಾವ್ಶಿ ತೊಂದೂರಿನಲ್ಲಿ ಸಾನ್ನ ಇಟ್ಟು
ಮುಚ್ಚುವ ಮೊದಲು ಹಳೆ ಪಂಚೆಯ ತುಂಡೊಂದನ್ನು
ಮುಚ್ಚಳದ ಒಳಮೈಗೆ ಬಿಗಿದು ಕಟ್ಟಿದಳು.
ಎಷ್ಟು ವರ್ಷ ತಿಂದಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ.
"ಅದು ಯಾಕೆ?"
"ಆವಿ ಮೇಲೆ ಹೋಗಿ ಮುಚ್ಚಳಕ್ಕೆ ತಲೆ ಬಡಿದು ಅಳ್ತದಲ್ಲ,
ಆ ನೀರು ಬಿದ್ದರೆ ಸಾನ್ನದ ನೆತ್ತಿ ಹೊಂಡ.
ಬಟ್ಟೆ ಕುಡೀತದೆ."
ಒಲೆಯ ಮುಂದೆ ನಿಂತೇ ಇದ್ದೆ.
ಹಬೆ ಬಂದು ಕನ್ನಡಕದ ಮೇಲೆ ಕೂತಿತು.

ಸೋಮವಾರ ಲೇತಿನ ಸದ್ದು.
ಒಳಪೈಪು ಉದ್ದವಾಯಿತು, ತಳಕ್ಕೆ ಎರಡು ಬೆರಳು ಬಿಟ್ಟು.
ಅದರ ಮೇಲೆ ತೂತು ಕೊರೆದ ತಟ್ಟೆ,
ಘಟ್ಟದ ತಿರುವಿನಲ್ಲೂ ಎಣ್ಣೆ ಎಗರಬಾರದೆಂದು.
ತಟ್ಟೆಯ ಮೇಲೆ ಸ್ಟೀಲಿನ ಬಲೆ, ಮಡಚಿ ಮಡಚಿ ಒತ್ತಿದ್ದು.
ಪಾತ್ರೆ ತಿಕ್ಕುವ ನಾರು ಸಾಕಲ್ಲ ಎಂದೆ.
"ಅದರ ಒಂದೆಳೆ ಕಿತ್ತು ಟರ್ಬೋಗೆ ಹೋಗಲಿ,
ಆಮೇಲೆ ಡಿಕ್ಕಿಯ ಸೂಜಿ ಪೂರಾ ಮಾರಿದರೂ ಸಾಲದು."
ನೀರಿನ ಪೈಪೂ ಬೇಡವಂತೆ, ಎಣ್ಣೆಗೆ ಮೆತ್ತಗಾಗುತ್ತದೆ.
ಕೆಳಗೊಂದು ಹಿತ್ತಾಳೆ ನಲ್ಲಿ.
ಇಂಜಿನ್ನಿಂದ ದೂರ, ಗಾಳಿ ಬಡಿಯುವಲ್ಲಿ ಕೂರಿಸಿದ,
"ಬಿಸಿ ಡಬ್ಬಿಯಲ್ಲಿ ಆವಿ ಯಾಕೆ ಇಳೀತದೆ?"
ಕೆಂಪು ಬಣ್ಣದ ಮೇಲೆ ಡ್ರಿಲ್ಲಿನ ಗೀರು.
ಮುಖ ಕಾಣುವುದಿಲ್ಲ ಈಗ.

ಜುಲೈ ಕೊನೆಗೆ ನಲ್ಲಿ ತಿರುಗಿಸಿದೆ.
ಅರ್ಧ ಲೋಟ ಬಂತು.
ಚಹಾವೂ ಅಲ್ಲದ, ಮಜ್ಜಿಗೆಯೂ ಅಲ್ಲದ ಬಣ್ಣ, ಸುಟ್ಟ ವಾಸನೆ.
ಹಬ್ಬದ ಮನೆಯ ಹುಡುಗನಂತೆ ಓಡಿ ತೋರಿಸಿದೆ.
"ಅರ್ಧ ನೀರು ಇದು. ನಮ್ಮ ಊರಿನ ಗಾಳಿಯೇ ಒದ್ದೆ ಬಟ್ಟೆ."
ಗುಣ ಆಯಿತಾ ಹಾಗಾದರೆ?
ಕೈ ಒರೆಸಿಕೊಳ್ಳುತ್ತಾ ಹೇಳಿದ:
"ಡಬ್ಬಿ ಮದ್ದಲ್ಲ, ಜ್ವರದ ಕಡ್ಡಿ.
ಸವೆದ ರಿಂಗು ಸವೆದದ್ದೇ. ಎಷ್ಟು ಸವೆದಿದೆ ಅಂತ
ತಿಂಗಳು ತಿಂಗಳು ಹೇಳ್ತದೆ, ಅಷ್ಟೆ."

ಚರಂಡಿಗೆ ಚೆಲ್ಲಲು ಮನಸ್ಸಾಗಲಿಲ್ಲ,
ಎಲ್ಲ ಚರಂಡಿಯೂ ಫಲ್ಗುಣಿಯ ಕಡೆಗೇ.
ಕಿಟಕಿಯ ದಂಡೆಯಲ್ಲಿ ಬಾಟಲಿಗಳು, ಮೈಮೇಲೆ ತಿಂಗಳ ಹೆಸರು.
ಆಗಸ್ಟಿನದು ಬೆಳ್ಳಗೆ ಉಬ್ಬಿದೆ.
ಅಕ್ಟೋಬರಿನದು ಗಿಡ್ಡ.
ನವೆಂಬರಿನದರಲ್ಲಿ ನೀರಿಲ್ಲ, ಬರೀ ಕಪ್ಪು,
ಹೆಬ್ಬೆರಳಿಟ್ಟು ಅಳೆದೆ, ಇನ್ನೊಮ್ಮೆ ಅಳೆದೆ.

ಮೊನ್ನೆ ಬಂದ ಮಾವ್ಶಿ ಅದನ್ನೇ ಎತ್ತಿ ಅಲುಗಿಸಿ
ಬೆಳಕಿಗೆ ಹಿಡಿದು ದನಿ ತಗ್ಗಿಸಿದಳು:
"ಯಾರದು ಇದು? ಯಾವ ಲ್ಯಾಬಿಗೆ?"
ಕಾರಿನದು, ಎಂದೆ.
ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು,
"ಖಾಲಿ ಹೊಟ್ಟೆಯಲ್ಲಿ ತೆಗೆದದ್ದಾ?"