ಎಡತೋಳಿನ ಬಣ್ಣ

ಮೂವತ್ತೈದರಲ್ಲಿ ಒಂದು ಪಾಲಿನ ಆಳು ಇವನು,
ನನ್ನ ಹೆಬ್ಬೆರಳಿಗಿಂತ ಗಿಡ್ಡ.
ಸೊಂಟಕ್ಕೆ ಚರ್ಮದ ಬೆಲ್ಟು, ಟೋಪಿಗೆ ನೀಲಿ ಬಿಳಿ ಬಿಲ್ಲೆ,
ಕೈಗೊಂದು ಬಂದೂಕು.
ಆ ಚಳಿಗಾಲ ಸರ್ಕಾರ ಕೊಟ್ಟದ್ದು ಇಷ್ಟೇ.
ಉಳಿದದ್ದೆಲ್ಲ ಮನೆಯಿಂದ.

ಔಲುವಿನ ಸ್ಪರ್ಧೆಯಲ್ಲಿ ತೀರ್ಪುಗಾರ ಇಲ್ಮೊ ರನ್ನಿಸ್ತೊ
ಭೂತಗನ್ನಡಿ ಹಿಡಿದು
ಯಾರದೋ ಪ್ರಷ್ಯನ್ನರ ಗುಂಡಿ ಎಣಿಸಿದ,
ಇನ್ಯಾರದೋ ಫಿರಂಗಿಯವನ ಕಾಲರಿನ ಅಂಚು
ಕೂದಲೆಳೆಯಷ್ಟು ದಪ್ಪವೆಂದು ಅರ್ಧ ಅಂಕ ಕಿತ್ತ.
ನನ್ನವನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡ:
"ಕೈಪಿಡಿಯಲ್ಲಿ ಬೂದು ಅಂಗಿ ಇದೆ.
ನಿಮ್ಮದು ಸ್ವೆಟರು. ಇರಲಿ.
ತೋಳು ಎರಡೂ ಎರಡು ಬಣ್ಣ. ಆಧಾರ?"

ಆಧಾರ ಇತ್ತು, ಜೇಬಿನಲ್ಲೇ.
ಕಾಯಾನಿಯ ರೈಲುನಿಲ್ದಾಣ, ಮೂವತ್ತೊಂಬತ್ತರ ಅಕ್ಟೋಬರ್.
ಹದಿನಾರು ಜನ, ಹದಿನಾರು ಥರದ ಉಡುಪು,
ಒಬ್ಬನದು ಮದುವೆಯ ಕೋಟೇ ಇರಬೇಕು.
ಎಡದಿಂದ ನಾಲ್ಕನೆಯವನು ತೌನೊ, ನನ್ನಮ್ಮನ ಅಣ್ಣ.
ಬಲತೋಳು ಕಡುಬೂದಿ, ಎಡತೋಳು ತಿಳಿಬೂದಿ.
"ನೆರಳು" ಅಂದ ರನ್ನಿಸ್ತೊ.
ಭುಜದ ಹೊಲಿಗೆ ಬಂದಲ್ಲೇ ನಿಂತುಬಿಡುವ ಶಿಸ್ತು
ನೆರಳಿಗೆ ಎಲ್ಲಿಂದ ಬರಬೇಕು?

ಆ ಕಾಲದ ಫಿಲ್ಮು ಕೆಂಪನ್ನು ಕಪ್ಪೆಂದು ಬರೆದುಕೊಳ್ಳುತ್ತಿತ್ತು,
ನೀಲಿಯನ್ನು ಬಿಳಿಯ ಖಾತೆಗೆ ಜಮೆ ಮಾಡುತ್ತಿತ್ತು,
ಕಳ್ಳಲೆಕ್ಕದ ಗುಮಾಸ್ತನ ಹಾಗೆ.
ಹದಿನೇಳು ಬೂದಿ ಕಲಸಿ ನೋಡಿದ್ದೆ.
ಯಾವ ಬೂದಿಯ ಅಡಿಯಲ್ಲೂ ಕೆಂಡವಿರಲಿಲ್ಲ.

ಕೊನೆಗೆ ಹೋದದ್ದು ಸಾಯ್ಮಿ ಚಿಕ್ಕಮ್ಮನ ಬಳಿ.
ಈಗ ತೊಂಬತ್ತನಾಲ್ಕು; ಆಗ ಒಂಬತ್ತರ ಹುಡುಗಿ,
ನೂಲಿನುಂಡೆ ಹಿಡಿದು ಕೂರುವುದು ಅವಳ ಕೆಲಸ.
"ಕೆಂಪು ನೂಲು ಬಲತೋಳಿಗೇ ಮುಗಿಯಿತು.
ಬೆಳಗಾದರೆ ರೈಲು.
ಅಮ್ಮ ಅಪ್ಪನ ಕಾಲುಚೀಲ ಬಿಚ್ಚಿದಳು,
ಬರ್ಚ್ ಎಲೆಯಲ್ಲಿ ಕುದಿಸಿದ ಹಳದಿ ನೂಲು.
ಮಣಿಕಟ್ಟಿಗೆ ಬರುವಷ್ಟರಲ್ಲಿ ಅದೂ ಸಾಲಲಿಲ್ಲ.
ಎರಡು ಬೆರಳು ಗಿಡ್ಡ."

ಬರೆದುಕೊಂಡೆ: ಎರಡು ಬೆರಳು.
ಮೂವತ್ತೈದರಿಂದ ಭಾಗಿಸಿದರೆ ಒಂದು ಮಿಲಿಮೀಟರು.
ಬ್ಲೇಡಿನ ತುದಿಯಲ್ಲಿ ಕೆರೆದೆ.
ಚಳಿಗೆ ಬಿಟ್ಟುಕೊಟ್ಟ ಅಷ್ಟು ಜಾಗಕ್ಕೆ
ಚರ್ಮದ ಬಣ್ಣ ಕೊಟ್ಟೆ, ಮೇಲೊಂದಿಷ್ಟು ನೇರಳೆ.

ಇದನ್ನೆಲ್ಲ ರನ್ನಿಸ್ತೊಗೆ ಹೇಳಿದೆ.
ಮಗುವಿನ ನೆನಪು ದಾಖಲೆಯಲ್ಲ ಅಂದ,
ಸಭ್ಯವಾಗಿಯೇ ಅಂದ.
ಒಂದು ಅಂಕ ಹೋಯಿತು.

ಅವನಿಗೆ ಹೇಳದ್ದೂ ಒಂದಿದೆ.
ಡಿಸೆಂಬರಿನಲ್ಲಿ ಹಾಸಿಗೆಯ ಚಾದರ ಕತ್ತರಿಸಿ
ಎಲ್ಲರಿಗೂ ಬಿಳಿ ನಿಲುವಂಗಿ ಹೊಲಿದರಂತೆ.
ಹಿಮದ ಮೇಲೆ ಹಿಮವಾಗಿ ಮಲಗಿದವನ
ಕೆಂಪು ಯಾರಿಗೆ, ಹಳದಿ ಯಾರಿಗೆ?
ಜನವರಿಯಲ್ಲಿ ಬಂದದ್ದು ಪೆಟ್ಟಿಗೆ.
ತೆರೆಯಬೇಡಿ ಅಂದಿದ್ದರು, ತೆರೆಯಲಿಲ್ಲ.
ಸ್ವೆಟರು ಮೈಮೇಲಿತ್ತೋ,
ಅಷ್ಟರಲ್ಲಿ ಇನ್ನೊಬ್ಬನ ಮೈಗೆ ಹೋಗಿತ್ತೋ.

ಮೊನ್ನೆ ರಾತ್ರಿ ಚಿಕ್ಕಮ್ಮನ ಫೋನು:
"ಹಳದಿಯಲ್ಲವೇನೋ ವೇಯೊ, ಹಸಿರೇನೋ.
ಹಳದಿ ಇದ್ದದ್ದು ನನ್ನ ಕೈಗವಸು ಅನಿಸುತ್ತೆ.
ಇನ್ನೊಂದು, ಅವನ ಮೂಗು
ನೀನು ಮಾಡಿದಷ್ಟು ನೆಟ್ಟಗಿರಲಿಲ್ಲ."

ಮೂಗು ಸರಿಮಾಡಿದೆ, ಅದು ಸುಲಭ.
ತೋಳಿಗೆ ಕುಂಚದ ಒಂದು ಕೂದಲಿನಷ್ಟು ಹಸಿರು
ಹಾಕಿ, ಒಣಗುವವರೆಗೆ ಕಾದು,
ಸಾಲದೆನಿಸಿ, ಹೆಚ್ಚಾಯಿತೆನಿಸಿ,
ಹೊರಗೆ ಬರ್ಚ್ ಮರದಲ್ಲಿ ಎಲೆಯಿದ್ದರೆ
ಕಿತ್ತು ತಂದು ಕುದಿಸಿ ನೋಡುತ್ತಿದ್ದೆ.
ಈಗ ಫೆಬ್ರವರಿ.
ದೀಪ ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ.