ಅರ್ಧ ಅಂಗುಲ

ಒಂದು ಕುರ್ಚಿ ಕೊಡು, ಅಂದಳು ಐಲೀ ಕೊಸ್ಕೆಲಾ.
ಮೂವತ್ತೊಂದು ವರ್ಷ ಈ ಗಾಜಿನ ಮೇಜಿನ ಹಿಂದೆ ನಿಂತಿದ್ದೇನೆ,
ಬ್ಯೂಟ್ ಊರಿನ ಗಣಿ ಮುಚ್ಚಿದ್ದು ತೆರೆದದ್ದು ಎಲ್ಲ ಕಂಡಿದ್ದೇನೆ,
ಪಿಸ್ತೂಲು ಕೊಳ್ಳಲು ಬಂದು ಕುರ್ಚಿ ಕೇಳಿದವರನ್ನು ಕಂಡಿಲ್ಲ.
ಎಲ್ಲರೂ ನಿಂತೇ ಆರಿಸುತ್ತಾರೆ,
ಕನ್ನಡಿಯೆದುರು, ಹೊಟ್ಟೆ ಒಳಗೆಳೆದು.

'ನಾನು ದಿನವಿಡೀ ಕೂತಿರುವವಳು, ರಾಡೊ.
ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ
ನಿಂತವಳ ಅಳತೆ ಯಾಕೆ?'

ಮೂರು ತೆಗೆದಿಟ್ಟೆ, ಹಸಿರು ಬನಾತಿನ ಮೇಲೆ.
ನಳಿಕೆ ಮೂರು ಅಂಗುಲದ್ದು, ಮೂರೂವರೆ, ನಾಲ್ಕು.
ಖಾಲಿ ಇವೆಯೆಂದು ಒಂದೊಂದನ್ನೂ ತೆರೆದು ತೋರಿಸಿದೆ.
ಅವಳು ಬಗ್ಗಿ ಒಳಗೆ ನೋಡಿದಳು,
ಸೂಜಿಯ ಕಣ್ಣು ಹುಡುಕುವವರ ಹಾಗೆ.

ನನ್ನ ಪಾಠ ಒಪ್ಪಿಸಿದೆ, ಬಾಯಿಪಾಠ:
ನಳಿಕೆ ಉದ್ದವಾದಷ್ಟೂ ಗುಂಡಿಗೆ ಓಟ ಹೆಚ್ಚು,
ಹಿಂಗುರಿಗೂ ಮುಂಗುರಿಗೂ ನಡುವೆ ಜಾಗ ಹೆಚ್ಚು,
ಕೈ ನಡುಗಿದರೆ ನಡುಕ ಕಣ್ಣಿಗೆ ಬೀಳುತ್ತದೆ.
ಗಿಡ್ಡದ್ದು ಮುಂಗೋಪಿ, ಮೂತಿ ಎಗರಿಸುತ್ತದೆ,
ಕತ್ತಲಲ್ಲಿ ಸಿಡಿದರೆ ಬೆಂಕಿ ನಮ್ಮ ಕಣ್ಣಿಗೇ.
ಆದರೆ ಅಡಗುತ್ತದೆ, ಅಂದೆ.

ಅವಳು ನಕ್ಕಳು. ಕೊರಳಲ್ಲಿ ಜೋತ ಟೇಪು ತೆಗೆದು
ನಳಿಕೆ ಬಿಟ್ಟು ಹಿಡಿಯನ್ನು ಅಳೆದಳು.
'ಅಡಗದಿರುವುದು ಇದು.
ನಳಿಕೆ ಸೊಂಟದ ಗುಂಟ ಇಳಿದುಹೋಗುತ್ತದೆ,
ಬಟ್ಟೆ ಎತ್ತಿ ತೋರಿಸುವುದು ಹಿಡಿ.
ಬಸುರಿ ಮದುಮಗಳಿಗೆ ಎಷ್ಟು ಗೌನು ಹೊಲಿದಿಲ್ಲ ನಾನು?
ಬಟ್ಟೆ ಎಲ್ಲಿ ಸುಳ್ಳು ಹೇಳುತ್ತದೆ, ಎಲ್ಲಿ ಬಾಯಿ ಬಿಡುತ್ತದೆ,
ನನಗೆ ಗೊತ್ತು.'

ಕೂತಳು.
ನಾಲ್ಕಂಗುಲದ್ದು ತೊಡೆಸಂದಿಗೆ ಚುಚ್ಚಿತು.
ಮೂರರದ್ದು ಚುಚ್ಚಲಿಲ್ಲ, ಮೇಲ್ಭಾರಕ್ಕೆ
ಬೆಲ್ಟಿನಿಂದಾಚೆ ವಾಲಿತು
ಕುಡಿದವನು ಬೇಲಿಗೆ ಒರಗಿದ ಹಾಗೆ.
ಮೂರೂವರೆಯದ್ದನ್ನು ಇಟ್ಟುಕೊಂಡು
ಇಲ್ಲದ ಪೆಡಲನ್ನು ತುಳಿದು ನೋಡಿದಳು,
ಇಲ್ಲದ ಕತ್ತರಿಗೆ ಬಾಗಿದಳು.
ಅಳೆದೂ ಸುರಿದೂ ಅರ್ಧ ತಾಸು.

'ಬಾಗಿಲಿಂದ ನನ್ನ ಮೇಜಿಗೆ ಹನ್ನೊಂದು ಅಡಿ,' ಅಂದಳು.
'ಹನ್ನೊಂದು ಅಡಿಗೆ, ಗುಂಡಿನ ಓಟ ಎಷ್ಟಾದರೇನು.'

ಯಾರು, ಎಂದು ಕೇಳುವುದು ನನ್ನ ಕಸುಬಲ್ಲ. ಕೇಳಲಿಲ್ಲ.
ಅವಳೇ ಹೇಳಿದಳು, ಟೇಪು ಸುತ್ತುತ್ತ, ಮುಖ ನೋಡದೆ:
ಅಂಗಡಿಯ ಮಹಡಿ ಕೋಣೆಯನ್ನು
ಟ್ಯಾಮ್ಸಿನ್‌ಗೆ ಬಿಟ್ಟುಕೊಟ್ಟಿದ್ದಾಳೆ, ಅವಳ ಕೂಸಿಗೂ.
ಮೂರು ವಾರದಿಂದ ಆ ಹುಡುಗಿಯ ಗಂಡ
ಎದುರಿನ ದೀಪದ ಕಂಬದಡಿ ನಿಲ್ಲುತ್ತಾನೆ,
ಬರಕೂಡದೆಂಬ ಕೋರ್ಟಿನ ಕಾಗದ ಜೇಬಿನಲ್ಲೇ ಇಟ್ಟುಕೊಂಡು.
'ಅವನ ಮದುವೆ ಸೂಟು ಸರಿಮಾಡಿದವಳು ನಾನೇ.
ಎದೆ ನಲವತ್ತೆರಡು. ತೋಳು ಮೂವತ್ತನಾಲ್ಕು.
ಎಡಹೆಗಲು ಅರ್ಧ ಅಂಗುಲ ಇಳಿಜಾರು,
ಹತ್ತಿ ತುಂಬಿ ಸಮ ಮಾಡಿದ್ದೆ.
ಯಾರಿಗೂ ಗೊತ್ತಾಗಲಿಲ್ಲ.'

ನನಗೆ ಗೊತ್ತಿತ್ತು ಆ ಹೆಗಲು. ಹೇಳಲಿಲ್ಲ.
ಕಳೆದ ವರ್ಷ, ಎಲ್ಕ್ ಬೇಟೆಯ ಹಿಂದಿನ ವಾರ,
ಅವನ ಬಂದೂಕಿನ ಹೆಗಲಿಗೊರಗುವ ಮರವನ್ನು
ಈ ಕೈಯಲ್ಲೇ ಕೊಯ್ದಿದ್ದೆ, ಅರ್ಧ ಅಂಗುಲ,
ಉಜ್ಜಿ, ಎಣ್ಣೆ ಹಚ್ಚಿ.
'ಈಗ ನನ್ನ ಮೈಯಲ್ಲೇ ಹುಟ್ಟಿದ ಹಾಗಿದೆ,' ಅಂದಿದ್ದ,
ಐದು ಡಾಲರ್ ಹೆಚ್ಚಿಗೇ ಇಟ್ಟು, ಕೈಕುಲುಕಿ.

ಅರ್ಜಿ ತುಂಬಿದಳು. ಫೋನಿನಲ್ಲಿ ಅವಳ ಹೆಸರನ್ನು
ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಆಗಲಿ, ಅಂದರು ಅತ್ತಲಿಂದ.
ಶನಿವಾರ ಬಾ, ಹೊಡೆಯುವುದು ಕಲಿಸುತ್ತೇನೆ, ಅಂದೆ.
'ಮೊದಲು ಕೋಟಿನ ಪಕ್ಕದ ಹೊಲಿಗೆ ಬಿಚ್ಚಬೇಕು,' ಅಂದಳು,
'ಒಳಗೆ ಬಟ್ಟೆ ಬಿಟ್ಟಿದ್ದೇನೆ. ಬಿಟ್ಟಿರುತ್ತೇನೆ ಯಾವಾಗಲೂ.'

ಬಾಗಿಲವರೆಗೆ ಹೋದವಳು ತಿರುಗಿ
ನನ್ನ ಕಾಲು ನೋಡಿದಳು.
'ಪ್ಯಾಂಟಿನ ಬಲಗಡೆ ಮಡಿಕೆ ಬಿಚ್ಚಿದೆ. ಗುರುವಾರ ತಂದುಕೊಡು.'
ಗುರುವಾರ, ಅಂದೆ.

ಐದಕ್ಕೇ ಕತ್ತಲು. ಬೆಟ್ಟದ ಮೇಲೆ
ಹಳೆ ಗಣಿಗೋಪುರಕ್ಕೆ ಕೆಂಪು ದೀಪ ಹತ್ತಿತ್ತು.
ಉಳಿದ ಎರಡನ್ನು ಒರೆಸಿ ಒಳಗಿಟ್ಟೆ.
ಕುರ್ಚಿಯನ್ನು ತೆಗೆಯಲು ಹೋದವನು
ಅಲ್ಲೇ ಬಿಟ್ಟೆ.